ಚಿಕ್ಕಹನುಮಕ್ಕ ಅರ್ಧ ಊಟಕ್ಕೆ ಎದ್ದ ಪ್ರಕರಣ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಓದುಗರು ಕಥೆಯಲ್ಲಿ ತಮ್ಮನ್ನು ತಾವು ಕಾಣಲು ಬಯಸುತ್ತಾರೆ ಎಂಬುದು ಸಮೀಕ್ಷೆಯಿಂದ ದೃಢಪಟ್ಟಿದೆ. ಸಮೀಕ್ಷೆಗೆಂದು ಪ್ರತ್ಯೇಕ ಸಿಬ್ಬಂದಿ ಇರಲಿಲ್ಲವಾದ್ದರಿಂದ, ಸೊಳ್ಳೆ ಮರಿ ಹುಡುಕಲು ಮನೆಮನೆಗೆ ಹೋಗುತ್ತಿದ್ದವರೇ ನೀರಿನ ತೊಟ್ಟಿಯನ್ನು ಬಗ್ಗಿ ನೋಡಿದ ಮೇಲೆ, "ಕಥೆಯಲ್ಲಿ ನಿಮಗೆ ಏನಿದ್ದರೆ ಇಷ್ಟ?" ಎಂದೂ ಕೇಳಿಕೊಂಡು ಬಂದರು. ಬಹುಪಾಲು ಜನ "ನಮ್ಮಂಥೋರು ಇರ್ಬೇಕು" ಎಂದರು. ಕೆಲವರು ಹೊಲಿಗೆ ಯಂತ್ರ ಎಂದರು. ಅವರನ್ನು "ಇತರೆ" ಎಂಬ ಶೀರ್ಷಿಕೆಯಡಿ ಸೇರಿಸಲಾಯಿತು.

ಈ ಬಯಕೆಯನ್ನು ಈಡೇರಿಸಲು ಸ್ಥಾಪನೆಯಾದದ್ದೇ ನಾಲ್ಕು ತಾಲ್ಲೂಕುಗಳ ಓದುಗರ ಅಭಿರುಚಿ ಪ್ರಾಧಿಕಾರ. ಮಧುಗಿರಿಯ ಪೇಟೆಬೀದಿಯಲ್ಲಿ ಬಿತ್ತನೆ ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ಅದರ ಕಚೇರಿ. ಪ್ರಾಧಿಕಾರ ಒಪ್ಪಿದ ಕಾದಂಬರಿ ನಾಲ್ಕೂ ತಾಲ್ಲೂಕುಗಳ ಪಂಚಾಯ್ತಿ ಗ್ರಂಥಾಲಯಗಳಿಗೆ ಹೋಗುತ್ತದೆ, ಶಾಲೆಗೂ ಹೋಗುತ್ತದೆ. ಒಪ್ಪದ ಕಾದಂಬರಿ ಬರೆದವರ ಮನೆಯ ಅಟ್ಟಕ್ಕೆ ಹೋಗುತ್ತದೆ.

ಪುರವರದ ಪ್ರೌಢಶಾಲೆಯ ಕನ್ನಡ ಮೇಡಂ ಯಶೋಧರಾ ಹಸ್ತಪ್ರತಿಯನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಈ ಮಹಡಿ ಹತ್ತಿದ್ದು ಆ ಕಾರಣಕ್ಕೆ. ಅವಳು ಬರೆದದ್ದು ತನ್ನ ಅಜ್ಜಿಯ ಕಥೆ. ಅಜ್ಜಿ ಚಿಕ್ಕಹನುಮಕ್ಕ ಬರಗೂರಿನ ಗಂಡನ ಮನೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವಳು, ಮುದ್ದೆ ಇನ್ನೂ ಅರ್ಧ ಇರುವಾಗಲೇ ಎದ್ದು, ಕೈ ತೊಳೆದು, ಕೂಸನ್ನು ಕಂಕುಳಿಗೆ ಏರಿಸಿಕೊಂಡು ಪುರವರದ ತವರಿಗೆ ನಡೆದೇ ಬಂದುಬಿಟ್ಟಳು. ತಿರುಗಿ ಹೋಗಲಿಲ್ಲ. ಯಾಕೆ ಎದ್ದೆ ಎಂದು ಕೇಳಿದವರಿಗೆ ಸಾಯುವ ತನಕ ಹೇಳಲೂ ಇಲ್ಲ.

ಅವಳು ಹೇಳದಿದ್ದರೆ ಊರು ಬಿಟ್ಟೀತೆ? "ಯಾವನಿಗೋ ಮನಸ್ಸು ಕೊಟ್ಟು ಓಡಿ ಬಂದೋಳು" ಎಂದು ಊರೇ ಹೇಳಿಕೊಂಡಿತು. ಅಂದು ಕಂಕುಳಲ್ಲಿದ್ದ ಕೂಸು, ಅಂದರೆ ಯಶೋಧರೆಯ ತಾಯಿ ಮಂಜಮ್ಮ, ಈ ಮಾತನ್ನು ನಲ್ಲಿಯ ಹತ್ತಿರ, ಮದುವೆ ಮನೆಗಳಲ್ಲಿ, ಕಳೆ ಕೀಳುವ ಸಾಲಿನಲ್ಲಿ ಕೇಳಿಸಿಕೊಂಡೇ ಮುದುಕಿಯಾದಳು. "ನೀನು ಓದ್ದೋಳು. ಅವ್ವನ್ನ ಒಂದು ಪುಸ್ತಕಕ್ಕೆ ಹಾಕವ್ವ. ಪುಸ್ತಕ ಅಂದ್ಮೇಲೆ ಜನ ಬಾಯಿ ಮುಚ್ಕೋತಾರೆ" ಎಂದು ಮಗಳಿಗೆ ಗಂಟು ಬಿದ್ದಿದ್ದಳು.

ಯಶೋಧರಾ ವರ್ಷಗಟ್ಟಲೆ ಕೂತು ಬರೆದಳು. ಕಾರಣವನ್ನು ಮಾತ್ರ ಬರೆಯಲಿಲ್ಲ. ಅಜ್ಜಿ ಬಾಯಿ ಬಿಡದಿದ್ದದ್ದನ್ನು ಮೊಮ್ಮಗಳು ಕಟ್ಟಿ ಹೇಳಿದರೆ ಅದು ಅಜ್ಜಿಗೆ ಮಾಡಿದ ಮೋಸ ಎಂಬುದು ಅವಳ ನಂಬಿಕೆ. ಓದುವವರು ಆ ಅರ್ಧ ಮುದ್ದೆಯ ಮುಂದೆ ತಾವೇ ಸ್ವಲ್ಪ ಹೊತ್ತು ಕೂರಲಿ ಎಂದು ಅವಳ ಆಸೆ. ಕಾದಂಬರಿಯಲ್ಲಿ ಇದ್ದದ್ದೆಲ್ಲ ಅದೇ.

ಪ್ರಾಧಿಕಾರದ ಯೋಜನಾಧಿಕಾರಿ ಲಕ್ಷ್ಮೀಪತಿ ಬಹಳ ಸಭ್ಯ ಮನುಷ್ಯ. ಕಥೆ ಓದುವ ಚಟ ಇರಲಿಲ್ಲ. ಹಿಂದೆ ಕೆರೆ ಹೂಳೆತ್ತುವ ಕೆಲಸ ನೋಡಿಕೊಳ್ಳುತ್ತಿದ್ದರು. ಆ ಅನುಭವ ಸಾಹಿತ್ಯಕ್ಕೆ ಅನುಕೂಲವಾಗುತ್ತದೆಂದು ಮೇಲಿನವರು ಇಲ್ಲಿಗೆ ಕಳಿಸಿದ್ದರು. ಅವರು ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಚೆನ್ನಾಗಿದೆ ಮೇಡಂ. ನಿಯಮದ ಪ್ರಕಾರ ಇದನ್ನ ನಿಮ್ಮ ಗ್ರಾಮಸಭೆಯಲ್ಲಿ ಓದಿ ಜನರ ಒಪ್ಪಿಗೆ ತಗೋಬೇಕು. ಒಂದು ದಿನದ ಕೆಲಸ" ಎಂದರು.

ಪುರವರದ ಗ್ರಾಮಸಭೆಗೆ ಜನ ಚೆನ್ನಾಗಿಯೇ ಸೇರಿದರು. ಯಶೋಧರಾ ಮೈಕಿನ ಮುಂದೆ ನಿಂತು ಮೊದಲ ಅಧ್ಯಾಯ ಓದಿದಳು. ಜನ ಪಿಟ್ಟೆನ್ನದೆ ಕೇಳಿದರು. ಅಧ್ಯಾಯ ಮುಗಿದಾಗ ಪಂಚಾಯ್ತಿಯ ಮಾಜಿ ಅಧ್ಯಕ್ಷ ಪಾಲಪ್ಪನವರು ಎದ್ದು ನಿಂತು ಟವೆಲ್ ಕೊಡವಿಕೊಂಡರು.

"ಎಲ್ಲಾ ಸರಿ ಕಣಮ್ಮ. ನಮ್ ಪಂಚಾಯ್ತಿಗೆ ಎಷ್ಟು ಬಂದೈತೆ?"

"ಏನು ಎಷ್ಟು ಬಂದಿದೆ?"

"ಅದೇ, ಹೆಸ್ರು. ನೀನು ಓದಿದ್ರಾಗೆ ಬರೀ ಆರು ಜನ ಅವ್ರೆ. ಮಿಕ್ಕೋರು ಏನ್ ಪಾಪ ಮಾಡವ್ರೆ?"

ಇಲ್ಲಿ ಜನರನ್ನು ದೂರುವಂತಿಲ್ಲ. ಗ್ರಾಮಸಭೆಯಲ್ಲಿ ಯಾರಾದರೂ ಕಾಗದ ಹಿಡಿದು ನಿಂತು ಓದಿದರೆ ಅದು ಫಲಾನುಭವಿಗಳ ಪಟ್ಟಿ. ಮನೆಯದೋ, ಹಸುವಿನದೋ, ಶೌಚಾಲಯದ್ದೋ, ಏನೋ ಒಂದು. ಹೆಸರು ಕೇಳಿಸಿದವರು ಸುಮ್ಮನಿರಬೇಕು, ಕೇಳಿಸದವರು ಗಲಾಟೆ ಮಾಡಬೇಕು. ಇದು ಅಲ್ಲಿಯ ಪದ್ಧತಿ. ಹಾಗಾಗಿ ಹಿಂದಿನಿಂದ ಒಬ್ಬಾಕೆ, "ಹೋದ್ಸಾರಿ ಕುರಿ ಪಟ್ಟೀಲೂ ನಮ್ಮನ್ನ ಬುಟ್ರಿ, ಈಗ ಇದ್ರಲ್ಲೂ ಬುಟ್ರಿ" ಎಂದು ಶುರು ಮಾಡಿದಳು. ಇನ್ನೊಬ್ಬ, "ಸತ್ತೋದ ಚಿಕ್ಕಹನುಮಕ್ಕಂಗೆ ಕೊಟ್ಟೀರಿ, ಬದುಕಿರೋರಿಗೆ ಇಲ್ವಾ?" ಎಂದು ಕುರ್ಚಿ ಎತ್ತಿದ.

ಯಶೋಧರಾ ಗಾಬರಿಯಿಂದ ಲಕ್ಷ್ಮೀಪತಿಯವರ ಕಡೆ ನೋಡಿದಳು. "ಸಾರ್, ಇದು ಕಥೆ, ಫಲಾನುಭವಿ ಪಟ್ಟಿ ಅಲ್ಲ ಅಂತ ಒಂದು ಮಾತು ಹೇಳಿ."

"ಜನ ತಪ್ಪು ತಿಳಿದಿಲ್ಲ ಮೇಡಂ" ಎಂದರು ಲಕ್ಷ್ಮೀಪತಿ, ನಿಯಮಾವಳಿ ತೆರೆದು. "ಓದುಗನು ಕಥೆಯಲ್ಲಿ ತನ್ನನ್ನು ತಾನು ಕಾಣತಕ್ಕದ್ದು ಅಂತಿದೆ. ಇವರು ಕಾಣಬೇಕು ಅಂತಿದ್ದಾರೆ. ನಾವು ಕಾಣಿಸಬೇಕು."

ಮರುದಿನದಿಂದ ಪುರವರದ ಜೆರಾಕ್ಸ್ ಅಂಗಡಿಗೆ ಪುರುಸೊತ್ತು ಇಲ್ಲದಂತಾಯಿತು. ಕಾದಂಬರಿಯಲ್ಲಿ ಪಾತ್ರವಾಗಲು ಆಧಾರ್ ಪ್ರತಿ ಮತ್ತು ಎರಡು ಫೋಟೋ ಸಾಕು ಎಂದು ಯಾರೋ ಹೇಳಿದರು. ಪ್ರಾಧಿಕಾರ ಆಮೇಲೆ ಅದನ್ನೇ ಆದೇಶ ಮಾಡಿತು. ಸುದ್ದಿ ಉಳಿದ ಮೂರು ತಾಲ್ಲೂಕು ಮುಟ್ಟುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಪಾವಗಡದ ಕಡೆಯಿಂದ ತಿಮ್ಮರಾಯಪ್ಪ ಎಂಬ ಹಿರಿಯರು ಶಾಲೆಯ ಬಾಗಿಲಿಗೇ ಬಂದು, "ಏಮ್ಮಾ, ನಿನ್ ಕಥೇಲಿ ಮಾ ಪಾವಗಡದೋರು ಒಕ್ಕರೂ ಲೇರಂತೆ, ಒಬ್ರೂ ಇಲ್ವಂತೆ? ನಾವೇನು ಕನ್ನಡ ಓದಲ್ವಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಶಿರಾದಿಂದ ಬಂದ ಖಲೀಲ್ ಸಾಬರು ಜಗಳವಾಡಲಿಲ್ಲ, ಡಬ್ಬಿಯಲ್ಲಿ ಸಿಹಿ ತಂದಿದ್ದರು. "ದೊಡ್ಡ ಪಾತ್ರ ಬೇಡ ಮೇಡಂ. ಜರಾ ಒಂದು ಒಳ್ಳೇ ಮಾತು ಆಡಿ ಹೋಗೋ ಥರದ್ದು. ಮೊಹಲ್ಲಾದಲ್ಲಿ ಇಜ್ಜತ್ ಪ್ರಶ್ನೆ" ಎಂದರು. ಕೊರಟಗೆರೆಯವರು ಪಾತ್ರವನ್ನೇ ಕೇಳಲಿಲ್ಲ. ಕಥೆಯಲ್ಲಿ ತುಮಕೂರಿಗೆ ಹೋಗುವ ಬಸ್ಸು ಕೊರಟಗೆರೆಯಲ್ಲಿ ನಿಲ್ಲದೆ ಹೋಗುತ್ತದೆಂದು ತಿಳಿದು, ನಿಲುಗಡೆ ಕೊಡುವ ತನಕ ರಸ್ತೆ ತಡೆ ಮಾಡಿದರು. ಕೊಡಲಾಯಿತು.

ಬರವಣಿಗೆ ಹೇಗಿರಬೇಕು ಎಂಬ ಬಗ್ಗೆಯೂ ಪ್ರಾಧಿಕಾರದ ಪ್ರಕಟಣೆ ಹೊರಬಿತ್ತು. ಯಾವ ಪಾತ್ರವನ್ನೂ ಅದಕ್ಕಿಂತ ಕೀಳಾದ ವಸ್ತುವಿಗೆ ಅಥವಾ ಪ್ರಾಣಿಗೆ ಹೋಲಿಸತಕ್ಕದ್ದಲ್ಲ. ಪಾತ್ರವು ಅಳುವುದಿದ್ದಲ್ಲಿ ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಪ್ರಕೃತಿ ವರ್ಣನೆಯಲ್ಲಿ ಬರುವ ಹೊಲಗಳಿಗೆ ಸರ್ವೆ ನಂಬರ್ ನಮೂದಿಸತಕ್ಕದ್ದು, ತಕರಾರಿರುವ ಹೊಲಗಳನ್ನು ವರ್ಣಿಸತಕ್ಕದ್ದಲ್ಲ. ಪಾತ್ರಗಳು ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಪಾರದರ್ಶಕತೆಯ ದೃಷ್ಟಿಯಿಂದ ಗಟ್ಟಿಯಾಗಿ ಹೇಳತಕ್ಕದ್ದು.

ಇಷ್ಟನ್ನೆಲ್ಲ ಯಶೋಧರಾ ಹಲ್ಲು ಕಚ್ಚಿ ಸಹಿಸಿಕೊಂಡಳು. ಎಷ್ಟು ಜನ ಬಂದು ತುಂಬಿಕೊಂಡರೂ ನಡುವೆ ಅಜ್ಜಿ ಇರುತ್ತಾಳಲ್ಲ ಎಂಬುದು ಅವಳ ಧೈರ್ಯ. ಆಗ ಅರ್ಹತಾ ಪರಿಶೀಲನೆ ಬಂತು.

"ಚಿಕ್ಕಹನುಮಕ್ಕನವರು ತೀರಿಕೊಂಡಿದ್ದಾರೆ" ಎಂದರು ಲಕ್ಷ್ಮೀಪತಿ, ನಿಜವಾದ ದುಃಖದಿಂದ. "ತೀರಿಕೊಂಡವರು ಓದುಗರಲ್ಲ. ಓದುಗರಲ್ಲದವರು ಕಥೆಯಲ್ಲಿ ತಮ್ಮನ್ನು ಕಾಣಲು ಅರ್ಹರಲ್ಲ. ನಾಯಕಿ ಸ್ಥಾನ ತೆರವಾಗಿದೆ ಮೇಡಂ."

"ಸಾರ್, ಅವರದೇ ಕಥೆ ಸಾರ್ ಇದು!"

"ಹೌದು. ಅದಕ್ಕೇ ನನಗೂ ಬೇಜಾರು."

ತೆರವಾದ ಸ್ಥಾನ ಪಾಲಪ್ಪನವರ ಹೆಂಡತಿ ಚಿಕ್ಕಕ್ಕನವರಿಗೆ ಹೋಯಿತು. ಚಿಕ್ಕಕ್ಕನವರು ಒಳ್ಳೆಯವರೇ. ಯಶೋಧರೆಯನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಊಟದ ಅಧ್ಯಾಯವನ್ನು ಎರಡು ಸಲ ಓದಿಸಿ ಕೇಳಿದರು.

"ಮುದ್ದೆ ಜತೆಗೆ ಏನಿತ್ತು ಅಂದೆ?"

"ಅವರೆಕಾಳು ಸಾರು."

"ಅವರೆಕಾಳು ಸಾರು ಬುಟ್ಟು ಯಾವಳಾದ್ರೂ ಏಳ್ತಾಳೇನಮ್ಮ? ಓದೋರು ನಂಬ್ಬೇಕಲ್ಲ! ನಾನು ಉಂಡೇ ಏಳ್ತೀನಿ. ಅಂಗೇ ಬರಿ."

ಯಶೋಧರಾ ಹಾಗೇ ಬರೆದಳು. ನಾಯಕಿ ಮುದ್ದೆ ಮುಗಿಸಿದಳು. ಇನ್ನೊಂದು ಹಾಕಿಸಿಕೊಂಡಳು. ಆಮೇಲೆ ಅನ್ನ ಮಜ್ಜಿಗೆ, ಆಮೇಲೆ ಎಲೆ ಅಡಿಕೆ, ಆಮೇಲೆ ಚಾಪೆ. ಅಲ್ಲಿಗೆ ಕಾದಂಬರಿ ಅಡ್ಡಾಯಿತು. ಉಳಿದ ನಾನ್ನೂರು ಪುಟಗಳಲ್ಲಿ ನಾಲ್ಕು ತಾಲ್ಲೂಕಿನ ಪಾತ್ರಗಳು ಪುಟಕ್ಕೊಬ್ಬರಂತೆ ಬಂದು, ನಾಯಕಿ ನಿದ್ದೆ ಮಾಡುತ್ತಿರುವುದನ್ನು ನೋಡಿ, ಒಂದೊಂದು ಒಳ್ಳೆಯ ಮಾತು ಆಡಿ ಹೋದರು. ಖಲೀಲ್ ಸಾಬರ ಮಾತು ನಿಜಕ್ಕೂ ಚೆನ್ನಾಗಿತ್ತು.

ಒಂದೇ ಒಂದು ಜಾಗ ತುಂಬಲಿಲ್ಲ. ಓದುಗರಿಗೆ ಕಥೆಯಲ್ಲಿ ದುಷ್ಟರು ಬೇಕೇ ಬೇಕು ಎಂದು ಸಮೀಕ್ಷೆ ಹೇಳಿತ್ತು. ಆದರೆ ದುಷ್ಟರಾಗಲು ನಾಲ್ಕೂ ತಾಲ್ಲೂಕಿನಲ್ಲಿ ಒಬ್ಬರೂ ಅರ್ಜಿ ಹಾಕಲಿಲ್ಲ. ಡಂಗುರ ಸಾರಿಸಿದರು, ಬಸ್ ನಿಲ್ದಾಣದಲ್ಲಿ ಚೀಟಿ ಅಂಟಿಸಿದರು. ಹೊರಜಿಲ್ಲೆಯಿಂದ ಒಬ್ಬರನ್ನು ತರಿಸೋಣವೆಂದರೆ, ಸ್ಥಳೀಯರಿಗೆ ಅನ್ಯಾಯವಾಗುತ್ತದೆಂದು ಮನವಿ ಪತ್ರ ಬಂತು.

ಆ ಸಂಜೆ ಯಶೋಧರಾ ಮನೆಗೆ ಬಂದು ಚೀಲವನ್ನು ಮೂಲೆಗೆ ಎಸೆದಳು. ಮಂಜಮ್ಮ ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು.

"ವಾಪಸ್ ತಗೊಂಡ್ಬಿಡ್ತೀನವ್ವ. ಅಜ್ಜಿ ಇಲ್ಲದ ಪುಸ್ತಕ ನಂಗೆ ಬೇಡ."

"ಒಂದ್ ಜಾಗಾನೂ ಖಾಲಿ ಇಲ್ವಾ?"

"ದುಷ್ಟರದ್ದು ಒಂದಿದೆ. ಯಾರೂ ಬರ್ತಿಲ್ಲ."

ಮಂಜಮ್ಮ ಸಿಪ್ಪೆ ಕೊಡವಿದಳು. "ದುಷ್ಟರು ಅಂದ್ರೆ ಏನ್ ಮಾಡ್ಬೇಕು?"

"ಎಲ್ಲರೂ ಬೇಡ ಅನ್ನೋದನ್ನ ಮಾಡ್ಬೇಕು."

"ಅವ್ವ ಮಾಡಿದ್ದೂ ಅದೇ ತಾನೇ? ಹಾಕ್ಬುಡು. ಹೆಸ್ರು ಇರ್ತದಲ್ಲ."

ಲಕ್ಷ್ಮೀಪತಿ ನಿಯಮಾವಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ದುಷ್ಟ ಪಾತ್ರಕ್ಕೆ ಯಾವ ಅರ್ಹತೆಯನ್ನೂ ಅಲ್ಲಿ ಹೇಳಿರಲಿಲ್ಲ, ಯಾಕೆಂದರೆ ಯಾರಾದರೂ ಬರುತ್ತಾರೆಂದು ನಿಯಮ ಬರೆದವರು ಎಣಿಸಿರಲಿಲ್ಲ. ಬದುಕಿರಬೇಕೆಂದೂ ಇರಲಿಲ್ಲ. ಅಂದೇ ಮಂಜೂರಾಯಿತು. ಒಂದು ಷರತ್ತು ಮಾತ್ರ ಇತ್ತು: ದುಷ್ಟ ಪಾತ್ರದ ತೊಂದರೆ ಎಲ್ಲ ಪಾತ್ರಗಳಿಗೂ ಸಮಾನವಾಗಿ ಹಂಚಿಕೆಯಾಗತಕ್ಕದ್ದು.

ಯಶೋಧರಾ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಪ್ರತಿಯೊಬ್ಬರ ಪುಟದಲ್ಲೂ, ಅವರ ಒಳ್ಳೆಯ ಮಾತು ಮುಗಿಯುವ ಹೊತ್ತಿಗೆ, ಒಂದೇ ಸಾಲು ಸೇರಿಸಿದಳು: "ಅಷ್ಟರಲ್ಲಿ ಅರ್ಧ ಊಟಕ್ಕೆ ಎದ್ದ ಚಿಕ್ಕಹನುಮಕ್ಕ ಕೂಸನ್ನು ಎತ್ತಿಕೊಂಡು ಅವರ ಬಾಗಿಲ ಮುಂದೆ ಹಾದು ಹೋದಳು."

ಪುಸ್ತಕ ಬಂತು. ಮಧುಗಿರಿಯಲ್ಲಿ ಬಿಡುಗಡೆಯ ದಿನ ಊಟದ ವ್ಯವಸ್ಥೆಯೂ ಇತ್ತು. ಜನ ಪುಸ್ತಕ ಕೈಗೆ ಸಿಕ್ಕ ಕೂಡಲೇ ತಮ್ಮ ತಮ್ಮ ಪುಟ ಹುಡುಕಿ, ಮೂಲೆ ಮಡಿಸಿ, ಅದೊಂದನ್ನೇ ಓದಿದರು. ಕೆಲವರು ಆ ಪುಟವನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಇಂಥ ಪುಸ್ತಕ ಹಿಂದೆ ಬಂದಿಲ್ಲ, ಓದಿದರೆ ಮನಸ್ಸು ತುಂಬುತ್ತದೆ ಎಂದು ಎಲ್ಲರೂ ಹೇಳಿದರು. ಪ್ರಾಧಿಕಾರಕ್ಕೆ ಮೇಲಿನಿಂದ ಪ್ರಶಂಸಾಪತ್ರ ಬಂತು.

ತೊಂದರೆ ಶುರುವಾದದ್ದು ಆಮೇಲೆ. ಗೋಡೆಯ ಮೇಲೆ ತೂಗುಹಾಕಿದ್ದನ್ನು ಮನೆಯವರು ದಿನಾ ಓದುತ್ತಾರೆ. ತಮ್ಮ ಯಜಮಾನನ ಒಳ್ಳೆಯ ಮಾತು ಬೇಗ ಹಳತಾಯಿತು. ಬಾಗಿಲ ಮುಂದೆ ಹಾದು ಹೋದವಳು ಹಳಬಳಾಗಲಿಲ್ಲ. ತಾವರೆಕೆರೆಯಲ್ಲಿ, ಪುರವರದಲ್ಲಿ, ಬರಗೂರಿನಿಂದ ಶಿರಾಕ್ಕೆ ಹೋಗುವ ಬಸ್ಸಿನಲ್ಲಿ ಹೆಂಗಸರು ಅದನ್ನೇ ಮಾತಾಡತೊಡಗಿದರು. "ಯಾಕೆ ಎದ್ದಳಂತೆ?" "ಏನೋ ಅಂದಿರ್ಬೇಕು." "ಅನ್ನೋದೇನ್ ಬಂತು, ಏನೂ ಅನ್ನದೆ ಇದ್ರೂ ಒಂದೊಂದ್ಸಾರಿ ಏಳಂಗಾಗ್ತದೆ ಕಣಮ್ಮ." ಹೀಗೆಂದವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು, ಯಾರೂ ಮುಂದೆ ಕೇಳಲಿಲ್ಲ. ಈ ಸುದ್ದಿ ಕಿವಿಗೆ ಬಿದ್ದಾಗ ಯಶೋಧರೆಗೆ ಆದ ಸಂತೋಷ ಹೇಳತೀರದು. ಅವಳ ಕಾದಂಬರಿ ಸತ್ತಿರಲಿಲ್ಲ, ಒಂದು ಸಾಲಾಗಿ ಉಳಿದುಕೊಂಡಿತ್ತು.

ಆದರೆ ಸಾರ್ವಜನಿಕ ನೆಮ್ಮದಿಯ ಪ್ರಶ್ನೆ ಬಂತು. ಹೆಂಡತಿ ತಟ್ಟೆಯ ಮುಂದೆ ಕೈ ತಡೆದು ಒಂದು ಗಳಿಗೆ ಸುಮ್ಮನೆ ಕೂತರೆ ಸಾಕು, ಗಂಡಂದಿರ ಎದೆ ಧಸಕ್ಕೆನ್ನತೊಡಗಿತು. ಕೆಲವರು ಹೆಂಗಸರ ಊಟ ಮುಗಿಯುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದರು. ಕೊನೆಗೆ ಪಾಲಪ್ಪನವರೇ ಮಹಡಿ ಹತ್ತಿ ಬಂದರು. "ಸಾಮಿ, ಕಾದಂಬರೀಲಿ ಎರಡು ಮುದ್ದೆ ಉಂಡೋಳು ಮನೇಲಿ ಅರ್ಧ ಮುದ್ದೆಗೆ ನಿಲ್ಸಿ ಗೋಡೆ ನೋಡ್ತಾ ಕೂತವ್ಳೆ. ಏನಾದ್ರೂ ಮಾಡ್ಬುಡಿ" ಎಂದು ಕೈ ಮುಗಿದರು.

ಪ್ರಾಧಿಕಾರ ತುರ್ತುಸಭೆ ಕರೆಯಿತು. ಉತ್ತರವಿಲ್ಲದ ಪ್ರಶ್ನೆಯನ್ನು ಓದುಗರ ಮೇಲೆ ಹೊರಿಸುವುದು ಓದುಗರ ಹಿತಕ್ಕೆ ವಿರುದ್ಧ, ಆದ್ದರಿಂದ ಕಾರಣವನ್ನು ಅಧಿಕೃತವಾಗಿ ಘೋಷಿಸತಕ್ಕದ್ದು ಎಂದು ತೀರ್ಮಾನವಾಯಿತು. ಗಂಡ ಹೊಡೆದ ಎನ್ನಬಹುದಿತ್ತು, ಆದರೆ ಪಾತ್ರಗಳಲ್ಲಿ ಅರ್ಧಕ್ಕರ್ಧ ಗಂಡಂದಿರು. ಅತ್ತೆ ಬೈದಳು ಎನ್ನಬಹುದಿತ್ತು, ಅತ್ತೆಯರ ಸಂಖ್ಯೆಯೂ ಕಡಿಮೆ ಇರಲಿಲ್ಲ. ಬಹಳ ಹೊತ್ತು ಚರ್ಚೆ ನಡೆದು, ಊಟಕ್ಕೆ ಉಪ್ಪು ಕಡಿಮೆಯಾಗಿತ್ತು ಎಂಬುದು ಸರ್ವಾನುಮತದಿಂದ ಅಂಗೀಕಾರವಾಯಿತು. ಉಪ್ಪಿನ ಪರವಾಗಿ ಆಕ್ಷೇಪ ಎತ್ತುವವರು ಯಾರೂ ಇರಲಿಲ್ಲ.

"ಅಜ್ಜಿ ಹೇಳಲಿಲ್ಲ ಸಾರ್" ಎಂದಳು ಯಶೋಧರಾ. ಸಹಿ ಹಾಕಲು ಕೊಟ್ಟ ಪೆನ್ನನ್ನು ಮುಟ್ಟಲಿಲ್ಲ.

"ಅವರು ಹೇಳಲಿಲ್ಲ ಅಂತಲೇ ನಾವು ಹೇಳ್ತಿರೋದು ಮೇಡಂ."

"ನಾನು ಸಹಿ ಹಾಕಲ್ಲ."

"ಪರವಾಗಿಲ್ಲ. ನೀವು ಬರೆದವರು. ಕಾದಂಬರಿಯಲ್ಲಿ ನಿಮಗೆ ಯಾವ ಸ್ಥಾನವೂ ಇಲ್ಲ" ಎಂದರು ಲಕ್ಷ್ಮೀಪತಿ, ಸಮಾಧಾನ ಮಾಡುವಂತೆ. "ದುಷ್ಟ ಪಾತ್ರದ ವಾರಸುದಾರರು ಒಪ್ಪಿದರೆ ಸಾಕು."

ಮಂಜಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದಳು. ಆದೇಶವನ್ನು ಎರಡು ಸಲ ಓದಿಸಿ ಕೇಳಿಸಿಕೊಂಡಳು. "ಇದು ಸರ್ಕಾರದ ಮಾತಾ?"

"ಹೌದಮ್ಮ. ಒಂದೊಂದು ಪುಸ್ತಕಕ್ಕೂ ಸೀಲ್ ಹಾಕ್ತೀವಿ."

"ಓಡ್ಬಂದೋಳು ಅಂತ ಇನ್ಮೇಲೆ ಯಾರೂ ಅನ್ನಂಗಿಲ್ವಾ?"

"ಅಂದರೆ ಆದೇಶದ ಉಲ್ಲಂಘನೆ ಆಗುತ್ತೆ."

ಮಂಜಮ್ಮ ಮಗಳ ಮುಖ ನೋಡಲಿಲ್ಲ. ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ, ತೋರಿಸಿದ ಜಾಗಕ್ಕೆ ಒತ್ತಿದಳು.

ಸೀಲು ಬಿದ್ದ ಹದಿನೈದು ದಿನಕ್ಕೆ ನಾಲ್ಕೂ ತಾಲ್ಲೂಕು ತಣ್ಣಗಾದವು. ಗಂಡಂದಿರು ಬಾಗಿಲು ಬಿಟ್ಟು ಅಂಗಡಿ ಬೀದಿಗೆ ಹೋದರು. ಚಿಕ್ಕಕ್ಕನವರು ಮತ್ತೆ ಎರಡು ಮುದ್ದೆಗೆ ಬಂದರು. ಅದೇ ಬರಗೂರಿನ ಬಸ್ಸಿನಲ್ಲಿ ಹೆಂಗಸರು, "ಪಾಪ, ಉಪ್ಪು ಕಮ್ಮಿ ಆಗಿತ್ತಂತೆ", "ಅಯ್ಯೋ, ಉಪ್ಪಿಲ್ದಿದ್ರೆ ಹೆಂಗೆ ಉಣ್ಣಾದು ಹೇಳು" ಎಂದು ಮಾತಾಡಿಕೊಂಡರು. ಮಂಜಮ್ಮ ನಲ್ಲಿಯ ಹತ್ತಿರ ತಲೆಯೆತ್ತಿ ನಿಂತಳು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ತಾನಾಗಿಯೇ ಕೊಡ ಸರಿಸಿ ಜಾಗ ಕೊಟ್ಟಳು. ಆ ದಿನ ಅವಳ ಮುಖದಲ್ಲಿದ್ದ ಕಳೆಯನ್ನು ಯಶೋಧರಾ ತನ್ನ ಬುದ್ಧಿ ಬಂದಾಗಿನಿಂದ ಕಂಡಿರಲಿಲ್ಲ.

ಆದರೂ ಮನಸ್ಸು ತಡೆಯಲಿಲ್ಲ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಕೇಳಿದಳು. "ಅವ್ವ, ಅಜ್ಜಿ ನಿಂಗೂ ಹೇಳಿರ್ಲಿಲ್ವಾ?"

"ಹೇಳಿದ್ಲು. ಸಾಯೋ ಮುಂಚೆ."

ಯಶೋಧರಾ ಪಾತ್ರೆ ಕೆಳಗಿಟ್ಟು ಅವಳ ಕಡೆ ತಿರುಗಿದಳು. "ನಂಗೆ ಯಾಕೆ ಹೇಳ್ಲಿಲ್ಲ? ಏನಂದ್ಲು?"

"ಯಾರಿಗೂ ಹೇಳ್ಬ್ಯಾಡ ಅಂದಿದ್ಲು, ನಿಂಗೆ ಹೆಂಗೆ ಹೇಳ್ಲಿ? ಈಗಂತೂ ಯಾಕವ್ವ ಅದು" ಎಂದಳು ಮಂಜಮ್ಮ, ಒಲೆಯ ಉರಿ ಸಣ್ಣದು ಮಾಡುತ್ತ. "ಉಪ್ಪು ಅಂತ ಆಗೋಯ್ತಲ್ಲ."

ಮುಂದಿನ ವರ್ಷ ಚಿಕ್ಕಹನುಮಕ್ಕ ಹಾದು ಹೋಗುವ ಒಂದು ಪುಟ ಎಂಟನೇ ತರಗತಿಗೆ ಪಾಠವಾಗಿ ಬಂತು. ಯಶೋಧರಾ ಓದಿ ಮುಗಿಸಿದಾಗ ಶಶಿರೇಖಾ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಅವ್ರು ಯಾಕೆ ಊಟ ಬಿಟ್ಟು ಎದ್ರು?" ಎಂದು ಕೇಳಿದಳು. ಯಶೋಧರಾ ಹಲಗೆಯ ಕಡೆ ತಿರುಗಿ, ಉಪ್ಪು ಕಡಿಮೆಯಾಗಿತ್ತು ಎಂದು ದುಂಡಗೆ ಬರೆದು, ಪರೀಕ್ಷೆಗೆ ಬರುತ್ತದೆ, ಎಲ್ಲರೂ ಬರೆದುಕೊಳ್ಳಿ ಎಂದಳು. ಎಲ್ಲರೂ ಬರೆದುಕೊಂಡರು.